ಹುಡುಗಿಯರ ಹೆಸರಿಗೆ ಬರುತ್ತಿದ್ದ ಟಪಾಲು

ಹೆಣ್ಣುಮಕ್ಕಳಿಗಂತಲೇ ಒಂದು ಮಾಸಪತ್ರಿಕೆ ತರಬೇಕು, ಹೇಗೆ ಶುರು ಮಾಡೋದು ಅಂತ ಕೇಳಿ ಈಗಲೂ ಆಗಾಗ ಫೋನು ಬರುತ್ತದೆ. ಕೇಳುವವರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರುಗಳೇ ಜಾಸ್ತಿ. ಕಲಬುರಗಿಯಲ್ಲಿ ನಾವು ಮೂವರು ಹೆಂಗಸರು ಸೇರಿ 2008ರಿಂದ 2020ರವರೆಗೆ ಅಂಥದೊಂದು ಪತ್ರಿಕೆ ನಡೆಸಿದೆವು. ಆರನೇ ತರಗತಿಯಿಂದ ಪಿಯುಸಿವರೆಗಿನ ಹುಡುಗಿಯರಿಗಾಗಿ. ಫೋನಿನಲ್ಲಿ ಎಲ್ಲ ಹೇಳಿ ಮುಗಿಯೋದಿಲ್ಲ. ಹೇಗೆ ನಡೆಯಿತು, ಯಾಕೆ ನಿಂತಿತು, ಎರಡನ್ನೂ ಇಲ್ಲಿ ಬರೆಯುತ್ತೇನೆ.

ನಾನು ಸೂಪರ್ ಮಾರ್ಕೆಟ್ ಹತ್ತಿರದ ಒಂದು ಪ್ರೆಸ್ಸಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ ಮಾಡುತ್ತಿದ್ದೆ. ನನ್ನ ಗೆಳತಿ ಚಿತ್ತಾಪುರ ಕಡೆ ಹೈಸ್ಕೂಲು ಟೀಚರು. ಮೂರನೆಯವರು ನಮಗಿಂತ ಹಿರಿಯರು, ನಾವಿಬ್ಬರೂ ಅಕ್ಕ ಅಂತಲೇ ಕರೆಯುತ್ತಿದ್ದೆವು. ಅವರು ಬಹಳ ವರ್ಷ ಮಹಿಳಾ ಸಮಾಖ್ಯದಲ್ಲಿ, ಅಂದರೆ ಹಳ್ಳಿಯ ಹೆಂಗಸರ ಸಂಘ ಕಟ್ಟಿ ಶಿಕ್ಷಣ ಕೊಡುವ ಸರ್ಕಾರಿ ಕಾರ್ಯಕ್ರಮದಲ್ಲಿ ದುಡಿದವರು. ಆ ಕಾರ್ಯಕ್ರಮ 1989ರಲ್ಲಿ ನಮ್ಮ ರಾಜ್ಯದಲ್ಲಿ ಶುರುವಾದಾಗ ಮೊದಲು ಆರಿಸಿದ ಜಿಲ್ಲೆಗಳಲ್ಲಿ ಬೀದರ್ ಕೂಡ ಒಂದು. ಬೀದರಿನ ಹಳ್ಳಿ ಹಳ್ಳಿ ತಿರುಗಿದ ಅಕ್ಕನಿಗೆ ಒಂದು ವಿಷಯ ಕಾಡುತ್ತಿತ್ತು. ಸಣ್ಣ ಮಕ್ಕಳಿಗೆ ಚಂದಮಾಮ ಇತ್ತು. ಮದುವೆಯಾದವರಿಗೆ ಅಡುಗೆ, ಧಾರಾವಾಹಿ ಇರುವ ವಾರಪತ್ರಿಕೆಗಳಿದ್ದವು. ಹನ್ನೆರಡರಿಂದ ಹದಿನೇಳರ ಹುಡುಗಿಗೆ ಏನಿತ್ತು? ಅವಳು ಏನು ಓದಬೇಕು, ಯಾರಿಗೆ ಪ್ರಶ್ನೆ ಕೇಳಬೇಕು? ಪತ್ರಿಕೆಯ ಆಲೋಚನೆ ಅವರದೇ.

"ಹುಡುಗಿಯರ ಪತ್ರಿಕೆ ಯಾರು ಓದ್ತಾರ್ರಿ?" ಅಂತ ಆಗ ಬಹಳ ಜನ ಕೇಳಿದರು. ಅಕ್ಕ ಒಂದೇ ಉತ್ತರ ಕೊಡುತ್ತಿದ್ದರು. ನೂರು ವರ್ಷದ ಹಿಂದೆಯೇ ನಂಜನಗೂಡು ತಿರುಮಲಾಂಬ 'ಕರ್ನಾಟಕ ನಂದಿನಿ' ಅನ್ನೋ ಹೆಂಗಸರ ಪತ್ರಿಕೆ ತಂದರು, ಆರ್. ಕಲ್ಯಾಣಮ್ಮ 'ಸರಸ್ವತಿ'ಯನ್ನು ನಾಲ್ಕು ದಶಕ ನಡೆಸಿದರು. ಹೆಂಗಸರು ಓದುತ್ತಾರೋ ಇಲ್ಲವೋ ಅನ್ನೋ ಪ್ರಶ್ನೆ ಆಗಲೇ ಮುಗಿದಿದೆ ಅಂತ.

ಕಾಗದಪತ್ರದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಆಗ ಇದ್ದದ್ದು 1867ರ ಪತ್ರಿಕಾ ನೋಂದಣಿ ಕಾಯ್ದೆ. ಒಂದಕ್ಕಿಂತ ಹೆಚ್ಚು ಹೆಸರು ಬರೆದು ಡಿಸಿ ಆಫೀಸಿನ ಮೂಲಕ ದಿಲ್ಲಿಗೆ ಕಳಿಸಬೇಕು. ಬೇರೆ ಯಾರೂ ಇಟ್ಟುಕೊಳ್ಳದ ಹೆಸರು ಅಲ್ಲಿಂದ ಪಾಸಾಗಿ ಬರಬೇಕು. ಆಮೇಲೆ ಮುದ್ರಕರು, ಪ್ರಕಾಶಕರು ಯಾರು ಅಂತ ಜಿಲ್ಲಾ ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಕೊಡಬೇಕು. ಘೋಷಣೆ ದೃಢವಾದ ಮೂರು ತಿಂಗಳೊಳಗೆ ಮಾಸಪತ್ರಿಕೆ ಹೊರಬರಬೇಕು. ಪ್ರತಿ ವರ್ಷ ಫೆಬ್ರುವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಮಾಲೀಕರ ವಿವರ ಅಚ್ಚಾಗಬೇಕು. ಈಗ ಆ ಕಾಯ್ದೆ ಇಲ್ಲ. 2024ರ ಮಾರ್ಚ್ 1ರಿಂದ ಹೊಸ ಕಾಯ್ದೆ ಬಂದಿದೆ, ಹೆಸರು ಮತ್ತು ನೋಂದಣಿ ಎರಡಕ್ಕೂ ಆನ್‌ಲೈನಿನಲ್ಲೇ ಒಟ್ಟಿಗೆ ಅರ್ಜಿ ಹಾಕಬಹುದು. ನಮಗೆ ಪಾಸಾಗಿ ಬಂದ ಹೆಸರನ್ನು ಹುಡುಗಿಯರು ಯಾರೂ ಬಳಸಲಿಲ್ಲ. ಅವರ ಬಾಯಲ್ಲಿ ಅದು ಕೊನೆವರೆಗೂ "ಅಕ್ಕಾರ ಬುಕ್ಕು".

ನಿಜವಾದ ಕೆಲಸ ಇದ್ದದ್ದು ಅಂಚೆಯಲ್ಲಿ. ಪತ್ರಿಕೆ ಅಂತ ಅಂಚೆ ಇಲಾಖೆಯಲ್ಲಿ ನೋಂದಣಿಯಾದರೆ 50 ಗ್ರಾಂ ಒಳಗಿನ ಒಂದು ಪ್ರತಿ ಆಗ 25 ಪೈಸೆಗೆ ದೇಶದ ಯಾವ ಮೂಲೆಗೂ ಹೋಗುತ್ತಿತ್ತು. ಮಾಮೂಲಿ ದರ ಇದರ ಎಷ್ಟೋ ಪಟ್ಟು. ಆದರೆ ಷರತ್ತುಗಳಿದ್ದವು. ಎರಡು ಸಂಚಿಕೆಗಳ ನಡುವೆ 31 ದಿನಕ್ಕಿಂತ ಜಾಸ್ತಿ ಅಂತರ ಇರಬಾರದು. ನಿಜವಾದ ಚಂದಾದಾರರ ಪಟ್ಟಿ ತೋರಿಸಬೇಕು. ತೂಕ ಒಂದೇ ಗ್ರಾಂ ಹೆಚ್ಚಾದರೂ ದರ ಎರಡು ಪಟ್ಟು.

ಹಾಗಾಗಿ ಕಾಗದ ಯಾವುದು ಅನ್ನೋದನ್ನು ತಕ್ಕಡಿ ತೀರ್ಮಾನ ಮಾಡಿತು. ನಮಗೆ ಮ್ಯಾಪ್ಲಿಥೋ ಅನ್ನೋ ಬಿಳಿ ಕಾಗದ ಬೇಕಿತ್ತು. ಹಾಸ್ಟೆಲಿನ ಮಂದ ಬಲ್ಬಿನ ಕೆಳಗೆ ಬಿಳಿ ಕಾಗದ ಓದೋಕೆ ಸುಲಭ. 32 ಪುಟದ ಡಮ್ಮಿ ಕತ್ತರಿಸಿ, ರಕ್ಷಾಪುಟ ಸೇರಿಸಿ, ಪಿನ್ನು ಹೊಡೆದು ಸರಾಫ್ ಬಜಾರಿನ ಒಬ್ಬ ಅಕ್ಕಸಾಲಿಗರ ಹತ್ತಿರ ಒಯ್ದೆವು. ಕಿರಾಣಿ ಅಂಗಡಿಯ ತಕ್ಕಡಿಗೆ ಒಂದೆರಡು ಗ್ರಾಂ ಗೊತ್ತಾಗೋದಿಲ್ಲ ಅಲ್ವಾ? ಬಂಗಾರ ತೂಗುವ ತಕ್ಕಡಿಯಲ್ಲಿ 60 ಜಿಎಸ್ಎಂ (ಚದರ ಮೀಟರಿಗೆ 60 ಗ್ರಾಂ) ಮ್ಯಾಪ್ಲಿಥೋ ಪ್ರತಿ 50 ಗ್ರಾಂ ದಾಟಿತು. ನ್ಯೂಸ್‌ಪ್ರಿಂಟಿನ, ಅಂದರೆ ದಿನಪತ್ರಿಕೆಯ ಕಾಗದದ ಪ್ರತಿ ಆರಾಮಾಗಿ ಒಳಗೆ ಬಂತು. ನ್ಯೂಸ್‌ಪ್ರಿಂಟೇ ಗಟ್ಟಿ ಮಾಡಿದೆವು. ಕಾಗದ ಮಂಕಾಗಿದ್ದರೇನು, ಅಕ್ಷರ ದೊಡ್ಡದು ಮಾಡೋಣ ಅಂತ 14 ಪಾಯಿಂಟಿನಲ್ಲಿ ಸೆಟ್ ಮಾಡಿದೆ. ಪೇಜ್‌ಮೇಕರಿನಲ್ಲಿ ಪುಟ ಕಟ್ಟಿ, ಟ್ರೇಸಿಂಗ್ ತೆಗೆದು, ಪ್ಲೇಟು ಮಾಡಿಸಿ, ಎರಡು ಬಣ್ಣದಲ್ಲಿ ರಕ್ಷಾಪುಟ. ರಕ್ಷಾಪುಟಕ್ಕೆ ಹುಡುಗಿಯರೇ ಬರೆದು ಕಳಿಸಿದ ಚಿತ್ರ, ಸಿನಿಮಾ ನಟಿಯರ ಫೋಟೊ ಬೇಡ ಅಂತ ಮೊದಲೇ ಮಾತಾಗಿತ್ತು.

ಈಗ ವಿಳಾಸದ ಚೀಟಿ. ಈ ಪತ್ರಿಕೆಯಲ್ಲಿ ನಾವು ಮಾಡಿದ ಅತಿ ದೊಡ್ಡ ಕೆಲಸ ಇದೇ ಅಂತ ನಾನು ನಂಬಿದ್ದೇನೆ. ಚಂದಾ ಕಟ್ಟುವವರು ಅಪ್ಪಂದಿರು. ಅವರು ತಮ್ಮ ಹೆಸರು ಬರೆದು ಕೊಡುತ್ತಿದ್ದರು. ನಾವು ಮಾತ್ರ ಮಗಳ ಹೆಸರು ಕೇಳಿ ಅದನ್ನೇ ಮೇಲೆ ಹಾಕುತ್ತಿದ್ದೆವು. ಮೊದಲ ಸಾಲಿನಲ್ಲಿ ಹುಡುಗಿಯ ಹೆಸರು, ಎರಡನೇ ಸಾಲಿನಲ್ಲಿ ತರಗತಿ, ಅದರ ಕೆಳಗೆ ಕೇರಾಫ್ ಅಪ್ಪ. ಕಂದು ಕಾಗದದ ಪಟ್ಟಿ ಸುತ್ತಿ ಆ ಚೀಟಿ ಅಂಟಿಸುತ್ತಿದ್ದೆವು. ಮೊದಲ ತಿಂಗಳು ಪೋಸ್ಟ್‌ಮ್ಯಾನುಗಳು ತಲೆ ಕೆರೆದುಕೊಂಡರಂತೆ. "ಈ ಹೆಸರಿನಾಕಿ ನಮ್ಮೂರಾಗ ಯಾರೂ ಇಲ್ಲ" ಅಂತ ಕೆಲವು ಪ್ರತಿ ವಾಪಸ್ ಬಂದವು. ಹುಡುಗಿಯನ್ನು ಊರವರು ಶಾಲೆಯ ಹೆಸರಿನಿಂದ ಕರೆಯೋದೇ ಇಲ್ಲ. ಕೆಲವು ಊರಲ್ಲಿ ಒಂದೇ ಓಣಿಯಲ್ಲಿ ಮೂರು ಜನ ಮಹಾದೇವಿ, ಇಬ್ಬರು ಭಾಗ್ಯಶ್ರೀ. ಹಾಗಾಗಿ ಚೀಟಿಯಲ್ಲಿ "ದಾಲ್ ಮಿಲ್ ಹತ್ತಿರ", "ಹನುಮಂತ ದೇವರ ಗುಡಿ ಹಿಂದ" ಅಂತಲೂ ಸೇರಿಸಿದೆವು. ಅಫಜಲಪುರ ಕಡೆಯ ಒಬ್ಬ ರೈತರು ಚಂದಾ ಕಟ್ಟೋಕೆ ಬಂದಾಗ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನನ್ ಹೆಸರಿಗಿ ಬ್ಯಾಂಕಿನ ನೋಟೀಸ್ ಬಿಟ್ರ ಏನೂ ಬರಲ್ರೀ ಬಾಯಾರ. ನನ್ ಮಗಳ ಹೆಸರಿಗಿ ತಿಂಗಳಾ ಬುಕ್ ಬರ್ತದ."

ಎರಡನೇ ವರ್ಷದ ಹೊತ್ತಿಗೆ ಹುಡುಗಿಯರ ಕಾರ್ಡುಗಳು ಬರತೊಡಗಿದವು. ಐವತ್ತು ಪೈಸೆಯ ಪೋಸ್ಟ್ ಕಾರ್ಡು, ಅಂಚಿನವರೆಗೂ ಬರೆದು, ಜಾಗ ಸಾಲದೆ ವಿಳಾಸದ ಪಕ್ಕಕ್ಕೂ ಹರಿದ ಅಕ್ಷರ. ಗುರಮಠಕಲ್ ಕಡೆಯವರ ಬರವಣಿಗೆಯಲ್ಲಿ ತೆಲುಗು ಇಣುಕುತ್ತಿತ್ತು, ಆಳಂದದವರಲ್ಲಿ ಮರಾಠಿ, ಬೀದರಿನವರಲ್ಲಿ ಉರ್ದು. ಅವರ ಮಾತು ಹೇಗಿದೆಯೋ ಹಾಗೇ ಅಚ್ಚು ಹಾಕಿದೆವು. ಕಾಗುಣಿತ ತಿದ್ದುತ್ತಿದ್ದೆ, ಮಾತು ತಿದ್ದುತ್ತಿರಲಿಲ್ಲ.

ಅವರು ಕೇಳಿದ್ದರಿಂದಲೇ ಪುಟಗಳು ಹುಟ್ಟಿದವು. ಎಂಟನೇ ತರಗತಿಗೆ ಸರ್ಕಾರ ಸೈಕಲ್ ಕೊಡೋಕೆ ಶುರು ಮಾಡಿದ್ದು 2006-07ರಲ್ಲಿ. ಸೈಕಲ್ ಬಂತು, ಪಂಕ್ಚರ್ ಆದರೆ ಅಣ್ಣ ಹಾಕಿಸಿಕೊಂಡು ಬರೋವರೆಗೆ ಶಾಲೆಗೆ ಹೋಗೋ ಹಾಗಿಲ್ಲ ಅಂತ ಒಬ್ಬಳು ಬರೆದಳು. ಮುಂದಿನ ಸಂಚಿಕೆಯಲ್ಲಿ ಟ್ಯೂಬು ಬಿಚ್ಚಿ, ನೀರಿನಲ್ಲಿ ಗುಳ್ಳೆ ನೋಡಿ, ಮರಳು ಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ ಪ್ಯಾಚು ಅಂಟಿಸೋದನ್ನು ಚಿತ್ರ ಸಮೇತ ಹಾಕಿದೆವು. ಆ ಸಂಚಿಕೆಯ ಪ್ರತಿ ಒಂದೂ ಉಳಿಯಲಿಲ್ಲ. ಪ್ರತಿ ತಿಂಗಳು ಒಬ್ಬ ಬಸ್ ಕಂಡಕ್ಟರ್, ನರ್ಸ್, ಪೊಲೀಸ್ ಪೇದೆ, ಹೀಗೆ ನಮ್ಮ ಭಾಗದ ದುಡಿಯುವ ಹೆಂಗಸರ ಸಂದರ್ಶನ ಇರುತ್ತಿತ್ತು. ಸ್ಕಾಲರ್‌ಶಿಪ್ ಫಾರಂ ತುಂಬೋದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಎಲ್ಲಿಗೆ ಹೋಗೋದು, ಇವೂ ಇದ್ದವು.

ಸೆಪ್ಟೆಂಬರ್ ಸಂಚಿಕೆ ಮಾತ್ರ ಬೇರೆ ತರಹ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿದ ನೆನಪಿಗೆ, ಅಜ್ಜಿಯನ್ನು ಕೂರಿಸಿಕೊಂಡು ಕೇಳಿ ಬರೆಯಿರಿ ಅಂತ ಹುಡುಗಿಯರಿಗೆ ಹೇಳಿದ್ದೆವು. ಏನೇನು ಬಂತು ಅಂತೀರಿ! ನಿಜಾಮರ ಪರವಾಗಿದ್ದ ರಜಾಕಾರರ ಪಡೆ ಬರ್ತದೆ ಅಂತ ಸುದ್ದಿ ಬಂದ ರಾತ್ರಿ ಬಂಗಾರವನ್ನು ನೆಲದೊಳಗೆ ಜೋಳ ತುಂಬಿಡುವ ಹಗೇವಿನೊಳಗೆ ಇಳಿಸಿದ್ದು, ಹೊಲದ ತೊಗರಿ ಸಾಲಿನಲ್ಲಿ ಕೂಸಿನ ಬಾಯಿ ಮುಚ್ಚಿ ಮಲಗಿದ್ದು. ಪಕ್ಕದ ಮನೆಯ ಮುಸಲ್ಮಾನರು ನಮ್ಮನ್ನು ಒಳಗೆ ಕರೆದುಕೊಂಡು ಕಾಪಾಡಿದರು ಅಂತ ಒಬ್ಬಳ ಅಜ್ಜಿ. ಆಮೇಲೆ ಮಿಲಿಟರಿ ಬಂದಾಗ ಅದೇ ಮನೆಯವರು ಊರು ಬಿಟ್ಟು ಹೋದದ್ದು ಹೇಳುತ್ತ ಅಜ್ಜಿ ಅತ್ತಳು ಅಂತ ಅದೇ ಹುಡುಗಿ. ಶಾಲೆಯ ಪಾಠದಲ್ಲಿ ಒಂದು ಪ್ಯಾರಾದಲ್ಲಿ ಮುಗಿದುಹೋಗುವ ಕಾಲವನ್ನು ಈ ಮಕ್ಕಳು ಮನೆಯೊಳಗಿನಿಂದ ತೆಗೆದು ಕೊಟ್ಟರು. ಇದಕ್ಕೆ ಬೆಲೆ ಕಟ್ಟೋರು ಯಾರು?

ಮದುವೆಯ ಪತ್ರಗಳನ್ನು ನಾವು ಅಚ್ಚು ಹಾಕುತ್ತಿರಲಿಲ್ಲ. ಅವು ಇನ್‌ಲ್ಯಾಂಡ್ ಲೆಟರಿನಲ್ಲಿ ಬರುತ್ತಿದ್ದವು, ಮೂರೂ ಕಡೆ ಗೋಂದು ಹಚ್ಚಿ. "ಅಕ್ಕಾ, ತೊಗರಿ ರಾಶಿ ಆದ ಮ್ಯಾಲ ನಂದು ಲಗ್ನ ಮಾಡ್ಲಾಕತ್ಯಾರ. ನಾ ಒಂಬತ್ನೇತ್ತ ಅದೀನಿ. ಹೆಸರು ಹಾಕಬ್ಯಾಡ್ರಿ." ಹುಡುಗಿಗೆ 18 ತುಂಬದೆ ಮದುವೆ ಮಾಡಬಾರದು ಅಂತ 2006ರ ಕಾಯ್ದೆ ಇದೆ, ದೂರು ಕೊಟ್ಟರೆ ಮ್ಯಾಜಿಸ್ಟ್ರೇಟರು ಮೊದಲೇ ತಡೆಯಾಜ್ಞೆ ಕೊಡಬಹುದು ಅನ್ನೋದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿ ಆಮೇಲೆ ತಾವೇ ಬಸ್ಸು ಹತ್ತುತ್ತಿದ್ದರು. ಕೆಲವು ಮದುವೆ ನಿಂತವು. ಕೆಲವು ಬೇರೆ ಊರಿನ ಗುಡಿಯಲ್ಲಿ ಗುಟ್ಟಾಗಿ ಆಗಿಹೋದವು. ಅದಾದ ಮೇಲಿನ ಸಂಚಿಕೆಯಿಂದ 1098 ಅನ್ನೋ ಸಂಖ್ಯೆ ಪ್ರತಿ ತಿಂಗಳು ರಕ್ಷಾಪುಟದ ಮೇಲೇ ಇರುತ್ತಿತ್ತು.

ಪತ್ರಿಕೆ ಬೆಳೆದದ್ದು ಶಾಲೆ, ಹಾಸ್ಟೆಲುಗಳಿಂದ. 2004ರಲ್ಲಿ ಶುರುವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ನಮ್ಮ ಭಾಗದಲ್ಲಿ ಸಾಕಷ್ಟಿದ್ದವು. ಅಲ್ಲಿಯ ಹುಡುಗಿಯರು ಒಂದು ಪ್ರತಿಯನ್ನು ಹತ್ತು ಜನ ಓದುತ್ತಿದ್ದರು. ಮಹಿಳಾ ಸಮಾಖ್ಯದ ಸಂಘಗಳ ಮೂಲಕ ಹಳ್ಳಿಗಳಿಗೂ ಹೋಯಿತು. ಆದರೆ ಇಲ್ಲೇ ನನಗೆ ವಿಷಯದ ಬೇರು ಕಂಡಿದ್ದು. ಓದೋಳು ಒಬ್ಬಳು, ದುಡ್ಡು ಕೊಡೋರು ಇನ್ನೊಬ್ಬರು. ಅಪ್ಪ ಕೊಡಬೇಕು, ಇಲ್ಲ ಹೆಡ್‌ಮಾಸ್ಟರು, ಇಲ್ಲ ವಾರ್ಡನ್ನು. ಹುಡುಗಿಯ ಕೈಯಲ್ಲಿ ಹತ್ತು ರೂಪಾಯಿ ಕೂಡ ಅವಳದ್ದು ಅಂತ ಇರುತ್ತಿರಲಿಲ್ಲ. ಪ್ರತಿ ಪುಟವನ್ನೂ ಈ ಇಬ್ಬರೂ ಎರಡು ಕಡೆಗೆ ಎಳೆಯುತ್ತಿದ್ದರು. ಮೇಷ್ಟ್ರುಗಳು "ಗಣಿತ, ವಿಜ್ಞಾನ ಜಾಸ್ತಿ ಹಾಕ್ರಿ" ಅನ್ನೋರು. ಹುಡುಗಿಯರು "ಅದು ಟೆಕ್ಸ್ಟಿನ್ಯಾಗ ಅದಲ್ಲ ಅಕ್ಕಾ, ನಮ್ಮ ಪುಟ ಕಡಿಮಿ ಮಾಡಬ್ಯಾಡ್ರಿ" ಅಂತ ಬರೆಯೋರು.

ಮುಟ್ಟಿನ ಬಗ್ಗೆ ಒಬ್ಬ ಲೇಡಿ ಡಾಕ್ಟರು ಬರೆಯುತ್ತಿದ್ದ ಅಂಕಣ ನಡುಪುಟದಲ್ಲಿ ಬರುತ್ತಿತ್ತು. ಒಂದು ಶಾಲೆಗೆ ಹೋದಾಗ ನಮ್ಮ ಪತ್ರಿಕೆಯ ಹಳೇ ಪ್ರತಿಗಳನ್ನು ತಿರುವಿ ನೋಡಿದೆ. ಎಲ್ಲದರಲ್ಲೂ ಪಿನ್ನು ನಾಜೂಕಾಗಿ ಬಿಚ್ಚಿ, ನಡುವಿನ ಹಾಳೆ ತೆಗೆದು, ಮತ್ತೆ ಪಿನ್ನು ಮಡಚಿದ್ದರು. ಹುಡುಗಿಯರಿಗೆ ಅಲ್ಲೊಂದು ಹಾಳೆ ಇತ್ತು ಅನ್ನೋದೇ ಗೊತ್ತಿಲ್ಲ. ನನಗೆ ತಡೆಯಲಾರದ ಸಿಟ್ಟು ಬಂತು. ಪುಟ ಕಟ್ಟೋ ಕೆಲಸ ನನ್ನದೇ ಅಲ್ವಾ? ನಡುವೆ ಪಿನ್ನು ಹೊಡೆಯುವ 32 ಪುಟದ ಪುಸ್ತಕದಲ್ಲಿ 5-6ನೇ ಪುಟದ ಹಾಳೆಯ ಇನ್ನೊಂದು ಅರ್ಧವೇ 27-28. ಮುಂದಿನ ತಿಂಗಳಿಂದ ಡಾಕ್ಟರರ ಅಂಕಣ 5ನೇ ಪುಟಕ್ಕೆ ಹೋಯಿತು. ಅದರ ಬೆನ್ನಿಗೆ ಎಸ್ಸೆಸ್ಸೆಲ್ಸಿ ಗಣಿತದ ಮಾದರಿ ಪ್ರಶ್ನೆ, 27-28ರಲ್ಲಿ ಅದರ ಉತ್ತರ. ಆ ಹಾಳೆ ತೆಗೆದರೆ ಮೇಷ್ಟ್ರು ಕೇಳಿ ಹಾಕಿಸಿಕೊಂಡ ಗಣಿತವೂ ಹೋಗುತ್ತಿತ್ತು. ಆಮೇಲೆ ಹಾಳೆಗಳು ಉಳಿದವು.

ಜಾಹೀರಾತಿನಲ್ಲೂ ಇದೇ ಎಳೆದಾಟ. ಬಣ್ಣ ಬೆಳ್ಳಗಾಗುವ ಕ್ರೀಮು ಬೇಡ ಅಂದೆವು. ನಗರದ ಒಂದು ಬಂಗಾರದ ಅಂಗಡಿಯವರು ವರ್ಷವಿಡೀ ಹಿಂದಿನ ರಕ್ಷಾಪುಟ ತೆಗೆದುಕೊಳ್ಳುತ್ತೇವೆ ಅಂದರು. ಆದರೆ ಮದುಮಗಳ ಫೋಟೊನೇ ಬೇಕು ಅಂದರು. 1098 ಮುಂದಿನ ಪುಟದಲ್ಲಿ, ಮದುಮಗಳು ಹಿಂದಿನ ಪುಟದಲ್ಲಿ ಹೇಗೆ ಸಾಧ್ಯ? ಒಪ್ಪಲಿಲ್ಲ. ಆ ದುಡ್ಡು ಬಂದಿದ್ದರೆ ಇನ್ನೆರಡು ವರ್ಷ ನಡೆಯುತ್ತಿತ್ತೇನೋ. ಆದರೂ ಬೇಡ ಅಂದದ್ದೇ ಸರಿ ಅಂತ ಈಗಲೂ ಹೇಳುತ್ತೇನೆ.

ಇಳಿಮುಖ ಶುರುವಾದದ್ದು ಯಾವುದೋ ಒಂದು ಪೆಟ್ಟಿನಿಂದಲ್ಲ. ಮೊದಲು ಹೋದದ್ದು ಮನಿಯಾರ್ಡರ್ ಕೂಪನ್ನು. ಹಳೇ ಫಾರಮಿನ ಕೆಳಗಿನ ತುಂಡಿನಲ್ಲಿ ಒಂದೆರಡು ಸಾಲು ಬರೆಯೋ ಜಾಗ ಇರುತ್ತಿತ್ತು. ಅಪ್ಪನ ಚಂದಾ ಜೊತೆ ಮಗಳ ಸಾಲೂ ಬರುತ್ತಿತ್ತು. ಕಂಪ್ಯೂಟರಿನ ಮನಿಯಾರ್ಡರಿನಲ್ಲಿ ನಂಬರು ಹೇಳಿ ಆರಿಸುವ ಸಿದ್ಧ ಸಂದೇಶ ಮಾತ್ರ. ಮಹಿಳಾ ಸಮಾಖ್ಯಕ್ಕೆ 2016ರ ಹೊತ್ತಿಗೆ ಕೇಂದ್ರದ ಅನುದಾನ ನಿಂತಿತು. ಸಂಘಗಳ ದಾರಿ ಮುಚ್ಚಿತು. ಅದೇ ನವೆಂಬರಿನಲ್ಲಿ ನೋಟು ರದ್ದಾದಾಗ ಚಂದಾ ನವೀಕರಣದ ಹಂಗಾಮು. ಮನೆಯಲ್ಲಿ ದುಡ್ಡಿಗೆ ತೊಂದರೆಯಾದಾಗ ಮೊದಲು ಕಡಿತವಾಗೋದು ಮಗಳ ಪತ್ರಿಕೆಯೇ. 2018ರಲ್ಲಿ ನ್ಯೂಸ್‌ಪ್ರಿಂಟಿನ ಬೆಲೆ ವಿಪರೀತ ಏರಿತು. 2019ರ ಜುಲೈ ಬಜೆಟ್ಟಿನಲ್ಲಿ ಹೊರದೇಶದ ನ್ಯೂಸ್‌ಪ್ರಿಂಟಿಗೆ ಶೇ. 10 ಸುಂಕ ಬಿತ್ತು. 32 ಪುಟ 24 ಆಯಿತು. ಸ್ನೇಹಿತೆ ಸಂಬಳದಿಂದ ಪ್ರೆಸ್ಸಿನ ಬಾಕಿ ತೀರಿಸತೊಡಗಿದಳು.

2020ರ ಮಾರ್ಚ್ 10ರಂದು ನಮ್ಮ ಊರಿನ ಒಬ್ಬ ಹಿರಿಯರು ತೀರಿಕೊಂಡರು. ದೇಶದ ಮೊದಲ ಕೋವಿಡ್ ಸಾವು ಅದು ಅಂತ ಎರಡು ದಿನದ ಮೇಲೆ ಗೊತ್ತಾಯಿತು. ಶಾಲೆ ಮುಚ್ಚಿದವು, ಹಾಸ್ಟೆಲು ಖಾಲಿಯಾದವು. ಮಾರ್ಚ್ ಸಂಚಿಕೆಯ ಪ್ಲೇಟುಗಳು ಪ್ರೆಸ್ಸಿನಲ್ಲೇ ಉಳಿದವು. ಬಸ್ಸಿಲ್ಲ, ರೈಲಿಲ್ಲ. ಫೆಬ್ರುವರಿಯದೇ ಕೊನೆಯ ಸಂಚಿಕೆ.

ಫೋನಿನಲ್ಲಿ ತನ್ನಿ ಅಂತ ಬಹಳ ಜನ ಹೇಳಿದರು. ತಂದೆವು. ಅದೇ ಪುಟಗಳನ್ನು ಪಿಡಿಎಫ್ ಮಾಡಿ ವಾಟ್ಸಾಪಿಗೆ ಹಾಕಿದೆವು. ನಂಬರುಗಳೆಲ್ಲ ಅಪ್ಪಂದಿರದು, ಅಣ್ಣಂದಿರದು. ಮನೆಯಲ್ಲಿ ಒಂದೇ ಸ್ಮಾರ್ಟ್ ಫೋನು ಇದ್ದರೆ ಅದು ಯಾರ ಕಿಸೆಯಲ್ಲಿರುತ್ತದೆ ಅಂತ ಬೇರೆ ಹೇಳಬೇಕಾ? ನೀಲಿ ಗೆರೆ ಬೀಳುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಬಂದರೂ "ಥ್ಯಾಂಕ್ಯೂ ಮೇಡಂ", ಅದೂ ಅಣ್ಣನದು. ಗೋಂದು ಹಚ್ಚಿದ ಇನ್‌ಲ್ಯಾಂಡಿನಲ್ಲಿ ಹೇಳಿಕೊಳ್ಳುವ ಮಾತನ್ನು ಯಾವ ಹುಡುಗಿ ಅಣ್ಣನ ಫೋನಿನಲ್ಲಿ ಟೈಪ್ ಮಾಡುತ್ತಾಳೆ? ಕೆಲವು ತಿಂಗಳಲ್ಲಿ ಅದನ್ನೂ ನಿಲ್ಲಿಸಿದೆವು. ಆಗಿನ ಕಾಯ್ದೆಯಲ್ಲಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಪತ್ರಿಕೆ ಬರದಿದ್ದರೆ ಘೋಷಣೆ ತಾನಾಗಿ ಬಿದ್ದುಹೋಗುತ್ತಿತ್ತು. 2021ಕ್ಕೆ ಅದೂ ಮುಗಿಯಿತು.

ಹಾಗಾಗಿ ಫೋನು ಮಾಡುವ ಟೀಚರುಗಳಿಗೆ ನಾನು ಮೊದಲು ಕೇಳೋದು ಒಂದೇ: ಚಂದಾ ಯಾರು ಕಟ್ಟುತ್ತಾರೆ? ಹುಡುಗಿಯರೇ ತಿಂಗಳಿಗೆ ಎರಡು-ಮೂರು ರೂಪಾಯಿ ಹಾಕಿ, ಹತ್ತು ಜನ ಸೇರಿ ಒಂದು ಪ್ರತಿ ತರಿಸುವ ಹಾಗೆ ಮಾಡಿ. ಪ್ರತಿ ಕಡಿಮೆಯಾದರೂ ಪರವಾಗಿಲ್ಲ. ನಡುವಿನ ಹಾಳೆ ತೆಗೆಯೋಕೆ ಆಗ ಯಾರಿಗೂ ಹಕ್ಕಿರೋದಿಲ್ಲ. ನೋಂದಣಿ, ಪ್ರೆಸ್ಸು, ಅಂಚೆ ಎಲ್ಲ ಆಮೇಲಿನ ಮಾತು.

ಪತ್ರಗಳು ಈಗ ಅಕ್ಕನ ಮನೆಯಲ್ಲಿವೆ. ಅವನ್ನು ಯಾರಿಗೂ ಕೊಟ್ಟಿಲ್ಲ, ಕೊಡೋದೂ ಇಲ್ಲ. ಸಂಶೋಧನೆಗೆ ಬೇಕು ಅಂತ ಕೇಳಿದವರಿಗೆ ಸೆಪ್ಟೆಂಬರ್ ಸಂಚಿಕೆಗಳನ್ನು ಮಾತ್ರ ತೋರಿಸುತ್ತೇವೆ.

ಬಾಕಿ ಇದ್ದ ಚಂದಾ ಹಣವನ್ನು ಅವರವರ ಹೆಸರಿಗೇ ವಾಪಸ್ ಕಳಿಸಿದೆವು. ಸಾಕಷ್ಟು ಮನಿಯಾರ್ಡರು ತಿರುಗಿ ಬಂದವು. ಕೆಲವರ ಮನೆಯವರು ದುಡಿಯೋಕೆ ಪುಣೆ, ಬೆಂಗಳೂರಿಗೆ ಹೋಗಿದ್ದರು. ಕೆಲವರು ಗಂಡನ ಮನೆಗೆ. ಆ ಹೆಸರುಗಳ ರಿಜಿಸ್ಟರು ನನ್ನ ಹತ್ತಿರ ಇದೆ, ಹಣ ಬ್ಯಾಂಕಿನಲ್ಲಿ ಬೇರೆಯಾಗಿಯೇ ಇದೆ. 2019ರಲ್ಲಿ "ಅಕ್ಕಾರ ಬುಕ್ಕಿ"ಗೆ ಚಂದಾ ಕಟ್ಟಿ ಪೂರ್ತಿ ಸಂಚಿಕೆ ಸಿಗದವರು ಇದನ್ನು ಓದುತ್ತಿದ್ದರೆ ದಯವಿಟ್ಟು ತಿಳಿಸಿ. ನಿಮ್ಮ ಹೆಸರು, ಊರು, ಆಗ ಎಷ್ಟನೇ ತರಗತಿಯಲ್ಲಿದ್ದಿರಿ, ಇಷ್ಟು ಹೇಳಿದರೆ ಸಾಕು. ಅಪ್ಪನ ಹೆಸರು ಬೇಡ.